ಮೂರು ಮೆಟ್ಟಿಲು ಎತ್ತರದ ನಳ

ಆ ವರ್ಷ ನಾನು ಮುನಿಸಿಪಾಲ್ಟಿಯಲ್ಲಿ ಮಾಡಿದ್ದೆಲ್ಲ, ಒಳ್ಳೆಯದೂ ಕೆಟ್ಟದ್ದೂ, ಒಬ್ಬ ಹೆಣ್ಣುಮಗಳ ಮೇಲಿನ ಹೊಟ್ಟೆಕಿಚ್ಚಿನಿಂದ ಮಾಡಿದ್ದು. ಹೀಗೆ ಹೇಳಲು ಈಗ ನಾಚಿಕೆಯಿಲ್ಲ. ಆಗ ಯಾರಾದರೂ ಹೇಳಿದ್ದರೆ ಅವರ ಮೇಲೆ ಮಾನನಷ್ಟದ ಫಿರ್ಯಾದಿ ಬರೆದು ಹಾಕುತ್ತಿದ್ದೆ. ಅರ್ಜಿ, ಫಿರ್ಯಾದಿ, ಖರೀದಿ ಪತ್ರ ಬರೆಯುವುದೇ ನನ್ನ ಕಸುಬಾಗಿತ್ತು.

ಇಂಡಿಗೂ ಸಿಂದಗಿಗೂ ನಡುವೆ ಇರುವ ನಮ್ಮ ಸಣ್ಣ ಪಟ್ಟಣದಲ್ಲಿ, ಕಚೇರಿ ಅಂಗಳದ ಬೇವಿನ ಗಿಡದ ಕೆಳಗೆ ನನ್ನ ಮೇಜು. ಕನ್ನಡದವರೆಲ್ಲ ಒಂದು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತಷ್ಟೆ. ಮುನಿಸಿಪಾಲ್ಟಿಯ ಕಾನೂನು ಮಾತ್ರ ಇನ್ನೂ ಮುಂಬಯಿ ಸರ್ಕಾರದ ಕಾಲದ ಇಂಗ್ಲಿಷ್ ಪುಸ್ತಕದಲ್ಲೇ ಇತ್ತು. ಆರಿಸಿ ಬಂದ ಹನ್ನೆರಡು ಸದಸ್ಯರಲ್ಲಿ ಆ ಪುಸ್ತಕವನ್ನು ಓದಬಲ್ಲವನು ನಾನೊಬ್ಬನೇ. ಹೀಗಾಗಿ ಊರಿನ ಕಾರಭಾರ ಇನ್ನು ನನ್ನ ನಾಲಗೆಯ ತುದಿಯ ಮೇಲೆ ನಡೆಯುತ್ತದೆ ಎಂದು ತಿಳಿದಿದ್ದೆ.

ಮೊದಲನೆಯ ಸಭೆಯಲ್ಲೇ ಎದ್ದು ನಿಂತೆ. ಸಭೆಯ ನೋಟೀಸು ಸದಸ್ಯರಿಗೆ ಮುಟ್ಟಿದ ದಿನ, ಸಭೆ ಕೂಡಿದ ದಿನ, ಎರಡನ್ನೂ ಬಿಟ್ಟು ಎಣಿಸಿದರೆ ಒಂದು ದಿನ ಕಡಿಮೆ ಬೀಳುತ್ತದೆ, ಆದ್ದರಿಂದ ಈ ಸಭೆಯೇ ಕಾನೂನಿಗೆ ವಿರುದ್ಧ ಎಂದು ಹದಿನೈದು ನಿಮಿಷ ವಾದ ಮಾಡಿದೆ. ಅಧ್ಯಕ್ಷರು ಅಡತಿ ವ್ಯಾಪಾರಿ, ಸಮಾಧಾನದ ಮನುಷ್ಯ. ಅವರು ಕೇಳಿ ಮುಗಿಸಿ, "ರೈಟರ್ ಸಾಹೇಬ್ರ, ನೀವು ಹೇಳಿದ್ದು ಖರೇ ಇರಬೇಕು. ಕುಂದರ್ರಿ, ಚಾ ಆರಾಕತ್ತೈತಿ" ಅಂದರು. ಎಲ್ಲರೂ ನಕ್ಕರು.

ಆಗ ಗೋಡೆಯ ಹತ್ತಿರದ ಮರದ ಬಾಕಿನಿಂದ ಒಂದು ಹೆಣ್ಣುದನಿ ಬಂತು. "ಅಧ್ಯಕ್ಷರ, ಸೀನೀರ ಬಾವಿದು ಒಂದು ಮೆಟ್ಟಲಾ ಸಡ್ಲ ಆಗೈತ್ರಿ. ನಿನ್ನಿ ಒಬ್ಬಾಕಿ ಕಾಲ ಜಾರಿದ್ಲು. ಇವತ್ತ ಗೌಂಡಿನ್ನ ಕಳಸ್ರಿ."

ಅಷ್ಟೇ ಮಾತು. ಕಾನೂನಿಲ್ಲ, ಕಲಮಿಲ್ಲ. ಹತ್ತು ಬಾಯಿ ಒಮ್ಮೆಲೇ "ಹೌದ್ರಿ, ಹೌದ್ರಿ" ಅಂದವು. ಸಂಜೆಯೊಳಗೆ ಗೌಂಡಿ ಕರಣಿ ಹಿಡಿದು ಬಾವಿಯಲ್ಲಿ ಇಳಿದಿದ್ದ.

ಆಕೆ ಬಳೆ ಮಾರುವವಳು, ಹೆಂಗಸರಿಗೆಂದು ಮೀಸಲಿಟ್ಟ ಜಾಗದಿಂದ ಬಂದಿದ್ದಳು. ಆಕೆಯ ಅಜ್ಜನ ಅಜ್ಜನ ಕಾಲದಿಂದ ಆ ಮುಸಲ್ಮಾನ ಮನೆತನದವರೇ ನಮ್ಮ ಊರಿಗೆಲ್ಲ ಬಳೆ ಇಡಿಸಿದವರು. ಊರಿಗೇ ಆಕೆ ಬಳಿಗಾರ ಅಕ್ಕ. ತನ್ನ ಹೆಸರನ್ನು ತಾನು ಬರೆಯಲು ಬಾರದು, ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಆದರೆ ಆಕೆ ಹೋಗದ ಮನೆಯಿಲ್ಲ, ಮುಟ್ಟದ ಕೈಯಿಲ್ಲ. ಬಳೆ ಏರಿಸುವಾಗ ಹೆಂಗಸರ ಕೈ ಹಿಡಿದು ಮೆಲ್ಲಗೆ ಒತ್ತುತ್ತ ಕುಳಿತರೆ ಅವರ ಹೊಟ್ಟೆಯೊಳಗಿನ ಮಾತೆಲ್ಲ ಹೊರಗೆ ಬರುತ್ತಿತ್ತು. ನಾನು ಇಪ್ಪತ್ತು ವರ್ಷ ಊರಿನ ಗಂಡಸರ ಹೆಬ್ಬೆಟ್ಟು ಹಿಡಿದು ಮಸಿಯಲ್ಲಿ ಅದ್ದಿದವನು. ನನ್ನ ಮುಂದೆ ಒಬ್ಬನೂ ಒಂದು ಹೆಚ್ಚಿನ ಮಾತು ಆಡಿದ್ದಿಲ್ಲ.

ಅಂದು ಮನೆಗೆ ಬಂದು ಊಟ ಬಿಟ್ಟೆ. ಹೆಂಡತಿ ಕೇಳಿದ್ದಕ್ಕೆ ಹೊಟ್ಟೆಯುರಿ ಅಂದೆ. ಅವಳು ಮಜ್ಜಿಗೆ ತಂದುಕೊಟ್ಟಳು.

ನಮ್ಮೂರಿನಲ್ಲಿ ಬಾವಿಗಳಿಗೆ ಕೊರತೆಯಿರಲಿಲ್ಲ, ಆದರೆ ಎಲ್ಲವೂ ಸವಳು. ಬೇಳೆ ಬೇಯಿಸಲು, ಕುಡಿಯಲು ಆಗುವ ಸಿಹಿನೀರು ಇದ್ದದ್ದು ಊರ ಹೊರಗಿನ ಒಂದೇ ಬಾವಿಯಲ್ಲಿ. ಆ ಬಾವಿಗೆ ಎಣ್ಣೆಯ ಇಂಜಿನ್ ಕೂಡಿಸುವುದು, ಹಳೆಯ ಬುರುಜಿನ ದಿನ್ನೆಯ ಮೇಲೆ ಟಾಕಿ ಕಟ್ಟುವುದು, ಅಲ್ಲಿಂದ ಕೊಳವೆಯಲ್ಲಿ ನೀರು ಇಳಿಸುವುದು, ಇದು ಆ ವರ್ಷದ ದೊಡ್ಡ ಕೆಲಸ. ಮೊದಲ ವರ್ಷ ಎರಡು ನಳಕ್ಕೆ ಸಾಕಾಗುವಷ್ಟೇ ಕೊಳವೆ. ಒಂದು ನಳ ಬಳಿಗಾರ ಅಕ್ಕನ ಕೆಳಗಿನ ಓಣಿಗೆ ಎಂದು ಎಲ್ಲರೂ ಚಕಾರವೆತ್ತದೆ ಒಪ್ಪಿದರು. ಎರಡನೆಯದಕ್ಕೆ ಐದು ಓಣಿಗಳು ಜಗ್ಗಾಡಿದವು. ಕೊಳವೆ ಕೆಳಗಿನ ಓಣಿಗೆ ಹೋಗಬೇಕಾದರೆ ನಮ್ಮ ಮೇಲಿನ ಓಣಿಯ ನೆಲದಲ್ಲೇ ಹಾಯಬೇಕು, ನೆಲ ಅಗೆಸಿಕೊಂಡವರಿಗೆ ನೀರಿಲ್ಲವೆಂದರೆ ಯಾವ ನ್ಯಾಯ ಎಂದು ವಾದಿಸಿ ಅದನ್ನು ನಾನು ಗೆದ್ದೆ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಳ ಅಂದಮೇಲೆ ಅದಕ್ಕೊಂದು ಕಟ್ಟೆ ಬೇಕು. ನಮ್ಮ ಕಡೆ ಕಟ್ಟೆಯೆಂದರೆ ಬರೀ ಕಲ್ಲುಗಾರೆಯಲ್ಲ. ಯಾರ ಮನೆಯ ಕಟ್ಟೆ ಎಷ್ಟು ಎತ್ತರ ಎಂಬುದರ ಮೇಲೆ ಮನೆತನದ ತೂಕ. ಪಕ್ಕದವನು ಒಂದು ಗೇಣು ಏರಿಸಿದರೆ ನಾವು ಎರಡು ಗೇಣು ಏರಿಸುವವರು. ಬಳಿಗಾರ ಅಕ್ಕ ತನ್ನ ಓಣಿಯ ಕಟ್ಟೆಯ ಅಳತೆ ಹಾಕಿಸುವ ದಿನ ನಾನೂ ನೋಡಲು ಹೋಗಿದ್ದೆ. ಗೌಂಡಿ ಟೇಪು ಬಿಚ್ಚಿದರೆ ಆಕೆ, "ಅದನ್ನ ಮಡಚಿಡಪ್ಪ" ಅಂದು, ಏಳು ತಿಂಗಳ ಬಸುರಿಯೊಬ್ಬಳನ್ನು ಕರೆದು ನಿಲ್ಲಿಸಿದಳು. ಅವಳ ಟೊಂಕದ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದಳು.

"ಕೊಡ ಇಡೂ ಕಟ್ಟಿ ಇಷ್ಟ ಎತ್ತರ ಇರ್ಲಿ. ಈಕಿ ಬಗ್ಗದ ಕೊಡ ಟೊಂಕಕ್ಕ ತಗೊಳ್ಳೂಹಂಗ ಆದ್ರ ಎಲ್ಲಾರಿಗೂ ಆಗ್ತೈತಿ."

ನೆರೆದ ಹೆಂಗಸರೆಲ್ಲ ಆಕೆಯ ಮುಖವನ್ನು ನೋಡಿದ ರೀತಿ ನೋಡಿ ನನ್ನ ಮೈಯೆಲ್ಲ ಉರಿಯಿತು. ಅಂಥ ಸಾದಾ ಮಾತು ನನಗೇಕೆ ಹೊಳೆಯಲಿಲ್ಲ? ಹೊಳೆದಿದ್ದರೂ ನಾನು ಬಸುರಿಯನ್ನು ಕರೆದು ನಿಲ್ಲಿಸುವಂತಿತ್ತೆ?

ಮನೆಗೆ ಬಂದವನೇ ಠರಾವಿನ ಕರಡು ಬರೆಯಲು ಕುಳಿತೆ. ಮೇಲಿನ ಓಣಿಯ ನಳಕ್ಕೆ ಕೆತ್ತಿದ ಕಲ್ಲಿನ ಮೂರು ಮೆಟ್ಟಿಲು. ಕಟ್ಟೆ ರಸ್ತೆಯಿಂದ ನಾಲ್ಕು ಫೂಟು ಮೇಲೆ, ನಳದ ಬಾಯಿ ಅದರ ಮೇಲೆ ಇನ್ನೂ ಎರಡು ಫೂಟು. ಕಾರಣ, ಸಾರ್ವಜನಿಕ ಆರೋಗ್ಯ. ಹಂದಿ, ನಾಯಿ, ಧೂಳು ನೀರಿನ ಹತ್ತಿರ ಬರಬಾರದು. ಮುಂದೆ ಬಳಿಗಾರ ಅಕ್ಕ ಏನಾದರೂ ಮಾತಾಡಿ ನನ್ನ ಕಟ್ಟೆ ಇಳಿಸಿಬಿಟ್ಟಾಳೆಂಬ ಭಯಕ್ಕೆ ಕೊನೆಯಲ್ಲಿ ಒಂದು ಕಲಮು ಜೋಡಿಸಿದೆ. ಈ ಎತ್ತರವನ್ನು ಒಂದು ವರ್ಷದೊಳಗೆ ಬದಲಿಸಬೇಕಾದರೆ ಹನ್ನೆರಡು ಸದಸ್ಯರಲ್ಲಿ ಎಂಟು ಮಂದಿಯ ಒಪ್ಪಿಗೆ ಬೇಕು. ಬರೆದು ಮುಗಿಸಿ ಎರಡು ಸಲ ಓದಿಕೊಂಡೆ. ಇರುವೆ ನುಸುಳಲೂ ಸಂದು ಬಿಟ್ಟಿರಲಿಲ್ಲ.

ಸರ್ಕಾರದಿಂದ ಬಂದಿದ್ದ ಓವರ್ಸಿಯರ್ ಚಿಕ್ಕ ವಯಸ್ಸಿನವನು, ಕೆಲಸ ಗೊತ್ತಿದ್ದವನು. ಮೂರು ಕಾಲಿನ ಮೇಲೆ ದುರ್ಬೀನು ನಿಲ್ಲಿಸಿ, ಅಳತೆಯ ಕೋಲು ಹಿಡಿಸಿ, ಟಾಕಿಯಿಂದ ಎರಡೂ ಓಣಿಗಳವರೆಗೆ ನೆಲದ ಏರಿಳಿತ ತೆಗೆದಿದ್ದ. ನನ್ನ ಕರಡು ಓದಿ ತಲೆ ಕೆರೆದುಕೊಂಡ.

"ಸಾಹೇಬ್ರ, ಇಷ್ಟು ಎತ್ತರ ಬ್ಯಾಡ್ರಿ. ಟಾಕಿ ತಳಕ್ಕೂ ನಿಮ್ಮ ನಳದ ಬಾಯಿಗೂ ಬರೇ ನಾಕ ಫೂಟು ಫರಕ ಉಳೀತೈತಿ. ಕೆಳಗಿನ ಓಣಿ ಹದಿನೆಂಟು ಫೂಟು ತೆಳಗೈತ್ರಿ. ಅಲ್ಲಿ ನಳಾ ಬಿಟ್ಟ್ರ ನೀರೆಲ್ಲ ಆ ಕಡೆನ ಓಡ್ತೈತಿ. ನಿಮ್ಮಲ್ಲೆ ಬರೇ ಗಾಳಿ ಬರ್ತೈತಿ."

"ಟಾಕಿಗೆ ನಮ್ಮ ಓಣಿ ಹತ್ತಿರೋ, ಅವ್ರ ಓಣಿ ಹತ್ತಿರೋ?" ಎಂದು ಕೇಳಿದೆ.

"ನಿಮ್ಮದರಿ. ಆದ್ರ ನೀರು ಹತ್ತಿರ ನೋಡೂದಿಲ್ರಿ, ತೆಳಗ ನೋಡ್ತೈತಿ."

ನನಗೆ ಬಂದ ಸಂಶಯವೇ ಬೇರೆ. ಈ ಹುಡುಗನ ಹೆಂಡತಿಯೂ ಬಳೆ ಇಡಿಸಿಕೊಂಡಿರಬೇಕು ಅಂದುಕೊಂಡೆ. ಠರಾವನ್ನು ಸಭೆಯ ಮುಂದಿಟ್ಟೆ. ನನ್ನ ಕಲಮುಗಳನ್ನು ಕೇಳಿ ಬೇಸತ್ತ ಸದಸ್ಯರು ಆಗಲಿ ಅಂದರು. ಬಳಿಗಾರ ಅಕ್ಕ ಮಾತ್ರ, "ಅಣ್ಣಾರ, ತುಂಬಿದ ಕೊಡ ಹೊತ್ಕೊಂಡು ಮೂರು ಮೆಟ್ಟಲಾ ಇಳೀಬೇಕಲ್ರಿ?" ಎಂದು ಕೇಳಿದಳು.

"ಇದು ಆರೋಗ್ಯದ ವಿಚಾರ. ನಿಮಗ ತಿಳಿಯೂದಿಲ್ಲ ಅಕ್ಕಾರ" ಅಂದೆ. ಆಕೆಯ ಬಾಯಿ ಮುಚ್ಚಿಸಿದೆನೆಂದು ಆ ವಾರವಿಡೀ ಹಿಗ್ಗಿನಲ್ಲಿದ್ದೆ.

ಕೊಳವೆ ಹಾಕುವ ಕೆಲಸ ದೀಪಾವಳಿ ಕಳೆದು ಶುರುವಾಯಿತು. ಬೀಡುಕಬ್ಬಿಣದ ಕೊಳವೆಗಳು ಇಂಡಿ ರೋಡ್ ಸ್ಟೇಷನ್ನಿಗೆ ರೈಲಿನಲ್ಲಿ ಬಂದವು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಊರಿಗೆ. ನಮ್ಮ ಓಣಿಯಲ್ಲಿ ಮೊಳ ಅಗೆಯುವಷ್ಟರಲ್ಲಿ ಕರಿಬಂಡೆ. ಉಳಿ ಸುತ್ತಿಗೆ ಹಿಡಿದ ಒಡ್ಡರು ಇಡೀ ದಿನ ಕುಟ್ಟಿದರೂ ಎರಡು ಮೂರು ಮಾರು ಮುಂದೆ ಹೋಗುತ್ತಿರಲಿಲ್ಲ. ಒಂದು ಕೊಳವೆಯ ಬಾಯಲ್ಲಿ ಇನ್ನೊಂದನ್ನು ಕೂಡಿಸಿ, ಸಂದಿನಲ್ಲಿ ಸೆಣಬು ಬಡಿದು, ಮೇಲೆ ಕಾದ ಸೀಸ ಹೊಯ್ಯುತ್ತಿದ್ದರು. ಸೀಸ ಹೊಯ್ಯುವಾಗ ತಗ್ಗಿನಲ್ಲಿ ಒಂದು ಹನಿ ನೀರಿದ್ದರೂ ಸಿಡಿಯುತ್ತದೆ ಎಂದು ಓವರ್ಸಿಯರ್ ಎಲ್ಲರನ್ನೂ ದೂರ ನಿಲ್ಲಿಸುತ್ತಿದ್ದ.

ಕೆಳಗಿನ ಓಣಿಯಲ್ಲಿ ಬಂಡೆಯಿಲ್ಲ, ಎರೆಮಣ್ಣು. ಅಗೆಯುವುದು ಸುಲಭ, ಕೊಳವೆ ನಿಲ್ಲುವುದು ಕಷ್ಟ. ಬಿಸಿಲಿಗೆ ಎರೆ ಬಿರಿದು ಕೊಳವೆಯನ್ನು ಎಳೆದಾಡುತ್ತದೆ. ನೀರು ಬಿಟ್ಟು ನೋಡಿದ ಮೊದಲ ಸಲ ಅಲ್ಲಿ ಎರಡು ಸಂದು ಬಾಯಿ ಬಿಟ್ಟವು. ಎಲ್ಲರೂ ಛೇ ಛೇ ಅನ್ನುತ್ತಿದ್ದರೆ ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಮತ್ತೆ ಅಗೆದು, ಕೊಳವೆಯ ಕೆಳಗೆ ಗರಸು ಹಾಸಿ ಕೂಡಿಸುವಷ್ಟರಲ್ಲಿ ಯುಗಾದಿ ಬಂತು.

ಯುಗಾದಿ ಕಳೆದ ವಾರದಲ್ಲಿ ನೀರು ಬಿಡುವ ಸಮಾರಂಭ. ಮೊದಲು ಮೇಲಿನ ಓಣಿಯ ನಳವೇ ತೆರೆಯಬೇಕೆಂದು ಹಟ ಹಿಡಿದು ಹಾಗೇ ಮಾಡಿಸಿದೆ. ಅಧ್ಯಕ್ಷರು ಮೂರು ಮೆಟ್ಟಿಲು ಹತ್ತಿ ನಳ ತಿರುವಿದರು. ನೀರು ಬಂತು. ಜನ ಚಪ್ಪಾಳೆ ತಟ್ಟಿದರು, ಅಧ್ಯಕ್ಷರು ತಮ್ಮ ಕೊರಳ ಮಾಲೆ ತೆಗೆದು ನನಗೆ ಹಾಕಿದರು. ಅಲ್ಲಿಂದ ಮೆರವಣಿಗೆ ಕೆಳಗಿನ ಓಣಿಗೆ ಇಳಿಯಿತು. ಅಲ್ಲಿಯ ನಳ ತಿರುವಿದಾಗ ಬಂದ ನೀರಿನ ರಭಸಕ್ಕೆ ಮುಂದೆ ನಿಂತವರ ಧೋತರ ತೊಯ್ದವು. ಅಷ್ಟರಲ್ಲಿ ಮೇಲಿನಿಂದ ಯಾರೋ ಕೂಗಿದರು, "ಇಲ್ಲೆ ನಿಂತ್ತೋ! ನೀರ ನಿಂತ್ತು!"

ಮಾಲೆ ಹಾಕಿಕೊಂಡೇ ಓಡಿ ಬಂದೆ. ನನ್ನ ನಳ ಸುಂಯ್ ಎಂದು ಗಾಳಿ ಎಳೆದುಕೊಳ್ಳುತ್ತಿತ್ತು. ಪಾಳಿಯಲ್ಲಿ ನಿಂತ ನಮ್ಮ ಓಣಿಯ ಹೆಂಗಸರು ನನ್ನನ್ನೊಮ್ಮೆ, ಕಟ್ಟೆಯನ್ನೊಮ್ಮೆ ನೋಡಿದರು. ಒಬ್ಬ ಮುದುಕಿ, "ಮೂಗಿಗಿಂತ ಮೂಗುತಿ ಭಾರ ಆತು" ಎಂದು ಕೊಡವನ್ನು ಟೊಂಕಕ್ಕೇರಿಸಿಕೊಂಡು ಕೆಳಗೆ ನಡೆದಳು. ಉಳಿದವರೂ ಅವಳ ಹಿಂದೆ ಹೋದರು.

ಪರಿಹಾರ ಸುಲಭವೇ ಇತ್ತು, ನಳವನ್ನು ಕೆಳಗಿಳಿಸುವುದು. ಆದರೆ ಅದಕ್ಕೆ ಎಂಟು ಕೈ ಬೇಕು, ಸದಸ್ಯರಲ್ಲಿ ಐದು ಮಂದಿ ಬಳಿಗಾರ ಅಕ್ಕ ಎತ್ತದೆ ಕೈ ಎತ್ತುವವರಲ್ಲ. ನನ್ನ ಠರಾವಿನಲ್ಲಿ ಎಲ್ಲಾದರೂ ಸಂದಿದೆಯೇ ಎಂದು ನಾನೇ ಮೂರು ದಿನ ಹುಡುಕಿದೆ. ಇರಲಿಲ್ಲ. ಅಷ್ಟು ಚೆನ್ನಾಗಿ ಬರೆದಿದ್ದೆ. ಆಕೆಯ ಮುಂದೆ ಹೋಗಿ ಕೈಯೆತ್ತಿಸು ಎಂದು ಕೇಳುವುದಕ್ಕಿಂತ ಸವಳು ನೀರು ಕುಡಿಯುವುದು ಲೇಸು ಅನಿಸಿತು. ಆದರೆ ಕುಡಿಯಬೇಕಾದವನು ನಾನೊಬ್ಬನೇ ಅಲ್ಲವಲ್ಲ.

ಚೈತ್ರ ಕಳೆದು ಬಿಸಿಲು ಏರಿತು. ನಮ್ಮ ಓಣಿಯವರೆಲ್ಲ ಕೆಳಗಿನ ಓಣಿಯ ಪಾಳಿಯಲ್ಲಿ ನಿಂತರು. ಅಲ್ಲಿ ಎಲ್ಲ ಕುಲದವರಿಗೂ ಒಂದೇ ಪಾಳಿ, ಬಂದ ಕ್ರಮದಲ್ಲಿ ಕೊಡ. ಮಡಿ ಮೈಲಿಗೆಯ ಮಾತೆತ್ತಿಯಾದರೂ ನಮ್ಮವರನ್ನು ತಡೆಯಬಹುದೇ ಎಂದು ನಾಲ್ಕು ಮನೆಯಲ್ಲಿ ಆಡಿ ನೋಡಿದೆ. ಅಂಥ ಮಾತು ಆಡಿದೆನಲ್ಲ ಎಂದು ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಕೆಯಿದೆ. ಬಾಯಾರಿದವರು ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಹೆಂಡತಿಯೇ ಮುಂಜಾನೆ ಎರಡು ಕೊಡ ಹಿಡಿದು ಇಳಿಯುತ್ತಿದ್ದಳು.

"ನೀನರ ಹೋಗಬ್ಯಾಡ. ಮಂದಿ ಏನಂತಾರ?" ಅಂದೆ.

"ನಿಮ್ಮ ಕಟ್ಟಿ ನೋಡಾಕ ಛಂದ ಐತ್ರಿ" ಅಂದಳು. "ಕುಡ್ಯಾಕ ಬರೂದಿಲ್ಲ."

ಎರಡೂ ಓಣಿಗಳ ನಡುವೆ, ಕಬ್ಬಿಣದ ಮುಚ್ಚಳದ ಕೆಳಗೆ, ಕೆಳಗಿನ ಓಣಿಯ ನೀರು ನಿಲ್ಲಿಸುವ ವಾಲ್ವು ಇತ್ತು. ಅದರ ಚಾವಿ ನಳದವನ ಹತ್ತಿರ. ಮುನಿಸಿಪಾಲ್ಟಿಯಲ್ಲಿ ಹೊಸದಾಗಿ ಸೇರಿದ, ಸದಸ್ಯರೆಂದರೆ ಹೆದರುವ ಬಡಪಾಯಿ ಅವನು. ಒಂದು ದಿನ ಅವನನ್ನು ಕರೆದು, ನಾಳೆಯಿಂದ ಮುಂಜಾನೆ ಆರರಿಂದ ಎಂಟರವರೆಗೆ ಕೆಳಗಿನ ವಾಲ್ವು ಬಂದ್ ಇರಬೇಕು ಅಂದೆ. ಅವನು, "ಬರದು ಕೊಡ್ತೀರೇನ್ರಿ?" ಎಂದು ಕೇಳಿದ. ಏನಿದ್ದರೂ ಬರೆದೇ ಕೊಡುವ ನಾನು ಜನ್ಮದಲ್ಲಿ ಮೊದಲ ಸಲ, "ಬರಿಯೂದೇನೈತಿ, ನಾ ಹೇಳಾಕತ್ತೇನಿ" ಅಂದೆ.

ಮರುದಿನ ನನ್ನ ನಳ ಧೋ ಎಂದು ಸುರಿಯಿತು. ಮೂಗುತಿಯ ಮಾತಾಡಿದ ಮುದುಕಿಯೇ ಮೂರು ಮೆಟ್ಟಿಲು ಏದುಸಿರು ಬಿಡುತ್ತ ಹತ್ತಿ, "ರೈಟರ್ ಸಾಹೇಬ್ರು ಏನೋ ಖಟಪಟಿ ಮಾಡಿ ನೀರ ತಂದ್ರು ನೋಡ್ರಿ" ಅಂದಳು. ಎಂಟು ದಿನ ನಾನು ಓಣಿಯಲ್ಲಿ ಎದೆಯೆತ್ತಿ ಓಡಾಡಿದೆ. ಆ ಹೊತ್ತಿನಲ್ಲಿ ಕೆಳಗೆ ಖಾಲಿ ಕೊಡಗಳ ಸಾಲು ನಿಂತಿರುತ್ತದೆಂದು ಗೊತ್ತಿತ್ತು. ಹೊಲಕ್ಕೆ ಕೂಲಿಗೆ ಹೋಗುವ ಹೆಂಗಸರು ಎಂಟರವರೆಗೆ ಕಾಯುವಂತಿಲ್ಲ, ಖಾಲಿ ಕೊಡ ಮನೆಗಿಟ್ಟು ಹೋಗುತ್ತಾರೆ ಎಂಬುದೂ ಗೊತ್ತಿತ್ತು. ಆಕೆ ಅವರಿಗೆ ಏನೆಂದು ಸಮಾಧಾನ ಹೇಳುತ್ತಿರಬಹುದೆಂದು ನೆನೆಸಿಕೊಂಡು ಖುಷಿಪಡುತ್ತಿದ್ದೆ.

ಒಂಬತ್ತನೆಯ ದಿನ ಕಚೇರಿ ಅಂಗಳದಲ್ಲಿ ನನ್ನ ಮೇಜಿನ ಮುಂದೆ ನಾಲ್ಕೈದು ಪಕ್ಷಕಾರರು ಕುಳಿತಿದ್ದರು. ಅವರ ಹಿಂದೆ ಬಳೆಯ ಮಲಾರ ಪಕ್ಕಕ್ಕಿಟ್ಟುಕೊಂಡು ಬಳಿಗಾರ ಅಕ್ಕ ನೆಲದ ಮೇಲೆ ಕುಳಿತಿದ್ದಳು. ಸದಸ್ಯೆ ಎಂದು ಮುಂದೆ ಬರಲಿಲ್ಲ, ತನ್ನ ಪಾಳಿ ಬರುವವರೆಗೆ ಕಾದಳು.

"ಒಂದ ಅರ್ಜಿ ಆಗಬೇಕ್ರಿ ಅಣ್ಣಾರ."

"ಯಾತರ ಬಗ್ಗೆ?" ಅಂದೆ.

"ಕೆಳಗಿನ ಓಣಿಗೆ ಮುಂಜಾನೆ ನೀರು ಬರವಲ್ದು ಅಂತ. ಕೂಲಿ ಹೆಣ್ಣಮಕ್ಕಳು ನೀರಿಲ್ಲದ ಹೊಲಕ್ಕ ಹೊಂಟಾರ. ಅಧ್ಯಕ್ಷರಿಗೆ ಬರೀರಿ."

"ನೀವ ಸದಸ್ಯರು. ಸಭಾದಾಗ ಬಾಯಿಲೆ ಹೇಳಿದ್ರ ಮುಗೀತಲ್ರಿ. ಎಂದಾರ ಬರಸೀರೇನು?"

"ಬಾಯಿ ಮಾತಿಗೆ ತೂಕ ಇಲ್ಲಂತ ನೀವ ಹೇಳ್ತಿರಲ್ರಿ. ಊರಾಗ ನಿಮ್ಮಷ್ಟು ಛಲೋ ಬರೆಯೋರು ಯಾರದಾರ?"

ಆಕೆಯ ಮುಖ ನೋಡಿದೆ. ಚುಚ್ಚಿದಂತೆ ಕಾಣಲಿಲ್ಲ. ಬರೆದೆ. ಕಸುಬಿನವನ ಕೈ ಹೇಗಿರುತ್ತದೆ ನೋಡಿ, ನನ್ನ ವಿರುದ್ಧದ ಅರ್ಜಿಯನ್ನೂ ಕಳಪೆಯಾಗಿ ಬರೆಯಲು ಆಗಲಿಲ್ಲ. ಎಂಟು ದಿನದಿಂದ ಎಷ್ಟೆಷ್ಟು ಹೊತ್ತು ನೀರಿಲ್ಲ, ಯಾರು ಯಾರಿಗೆ ತೊಂದರೆ, ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿದೆ. "ನೀರು ನಿಲ್ಲಿಸಿದವರು ಯಾರು" ಎಂದು ಬರೆಯುವ ಜಾಗಕ್ಕೆ ಬಂದು ತಡೆದೆ.

"ಗೊತ್ತಿಲ್ಲ ಅಂತ ಬರೀರಿ" ಅಂದಳು.

ಬರೆದದ್ದನ್ನು ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ, ಕೆಳಗೆ ಬರೆದವನು ತನ್ನ ರುಜು ಹಾಕುವುದು ಪದ್ಧತಿ. ಬಿಕಲಂ ಎಂದು ಬರೆದು ಹೆಸರು ಹಾಕಬೇಕು, ಅಂದರೆ ಈ ಮಾತು ಇವರು ಹೇಳಿದ್ದು, ಈ ಕೈಯಿಂದ ಬರೆದದ್ದು ಎಂದು. ಇಪ್ಪತ್ತು ವರ್ಷದಲ್ಲಿ ಸಾವಿರ ಸಲ ಹಾಕಿದ ರುಜುವನ್ನು ಅಂದೂ ಹಾಕಿದೆ.

ಆ ವಾರದ ಸಭೆಯಲ್ಲಿ ಅರ್ಜಿ ಓದಿದರು. ಅಧ್ಯಕ್ಷರು ನಳದವನನ್ನು ಕರೆಸಿದರು. ಅವನು ಬಾಗಿಲಲ್ಲಿ ನಿಂತು ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದ. ಯಾರೋ ಸಿಟ್ಟಿಗೆದ್ದು ಅವನನ್ನು ಕೆಲಸದಿಂದ ತೆಗೆಯಿರಿ ಅಂದರು. ಅಷ್ಟರಲ್ಲಿ ಬಳಿಗಾರ ಅಕ್ಕ ಎದ್ದಳು.

"ಯಾರು ಬಂದ್ ಮಾಡಿದ್ರು, ಯಾಕ ಮಾಡಿದ್ರು, ಕೇಳೂದು ಬ್ಯಾಡ್ರಿ. ಮ್ಯಾಲಿನ ಓಣ್ಯಾಗೂ ಮಂದಿಗೆ ನೀರಡಿಕಿ ಐತಿ. ದಿನಾ ಮುಂಜಾನೆ ಒಂದ ತಾಸು ನಮ್ಮ ನಳಾ ನಾವ ಬಂದ್ ಇಡ್ತೇವಿ. ಅವ್ರು ತುಂಬಿಕೊಳ್ಳಿ. ನಮ್ಮವ್ರು ಕೂಲಿಗೆ ಹೋಗಾವ್ರು ಇನ್ನಷ್ಟು ಲಗೂ ಏಳ್ತಾರ. ಹಂಗಂತ ಠರಾವು ಮಾಡ್ರಿ."

ಸಭೆಯೆಲ್ಲ ಆಕೆಯ ಕಡೆ ತಿರುಗಿತು. ಆಮೇಲೆ ಅಧ್ಯಕ್ಷರು, "ಮನಸ್ಸಂದ್ರ ಇದು ನೋಡ್ರಿ" ಅಂದರು. ಎಲ್ಲರೂ ಹೌದು ಹೌದು ಅಂದರು.

ನಾನು ಕದ್ದದ್ದನ್ನು ಆಕೆ ನನಗೇ ದಾನ ಮಾಡಿದ್ದಳು. ಒಪ್ಪಿಕೊಂಡು ಕೂತಿದ್ದರೆ ಎಲ್ಲವೂ ಸುಖವಾಗುತ್ತಿತ್ತು. ನನ್ನ ಕಟ್ಟೆ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು, ಓಣಿಗೆ ನೀರು ಬರುತ್ತಿತ್ತು. ಆದರೆ ನಮ್ಮ ಓಣಿಯ ಪ್ರತಿ ಕೊಡವೂ ಇನ್ನು ಆಕೆಯ ಧರ್ಮದ ಕೊಡ. ಹೆಂಗಸರು ದಿನಾ ಮುಂಜಾನೆ ಆಕೆಯ ಹೆಸರು ಹೇಳಿ ನೀರು ತುಂಬುತ್ತಾರೆ. ಅದನ್ನು ನನಗೆ ತಾಳಲಾಗಲಿಲ್ಲ. ಇಡೀ ಸಭೆ ಆಕೆಯನ್ನು ನೋಡುತ್ತಿದ್ದ ಆ ನೋಟವನ್ನು ನನ್ನ ಕಡೆ ತಿರುಗಿಸಬೇಕಿತ್ತು, ಹೇಗಾದರೂ ಸರಿ. ಎದ್ದು ನಿಂತೆ.

"ವಾಲ್ವು ಬಂದ್ ಮಾಡಿಸಿದಾಂವ ನಾನು" ಅಂದೆ. "ನಳದವಂದು ತಪ್ಪಿಲ್ಲ. ಇವ್ರ ಒಂದ ತಾಸಿನ ಠರಾವು ಬ್ಯಾಡ. ನನ್ನ ಕಟ್ಟಿ ಒಡಸ್ರಿ. ನಳಾ ತೆಳಗ ಇಳಸ್ರಿ. ನಾನ ಸೂಚನಾ ಮಾಡ್ತೇನಿ."

ಆ ಮಾತು ಪ್ರಾಮಾಣಿಕತೆಯಿಂದ ಬಂತೆಂದು ಆಮೇಲೆ ಬಹಳ ಜನ ಹೊಗಳಿದರು. ಅಲ್ಲ. ಆಕೆ ನನಗಿಂತ ದೊಡ್ಡವಳಾಗಿಬಿಟ್ಟಳಲ್ಲ ಎಂಬ ಕಿಚ್ಚು ನನ್ನ ಬಾಯಿಂದ ನಿಜ ಹೊರಡಿಸಿತು. ಸತ್ಯ ಹೇಳಿಯಾದರೂ ಆಕೆಯನ್ನು ಹಿಂದೆ ಹಾಕಬೇಕಾಗಿತ್ತು.

ಗದ್ದಲವೆದ್ದಿತು. ಒಬ್ಬರು ರಾಜೀನಾಮೆ ಕೊಡಿ ಅಂದರು, ಒಬ್ಬರು ನಕ್ಕರು. ಅಧ್ಯಕ್ಷರು ಗದ್ದಲ ತಗ್ಗಿಸಿ ಮತಕ್ಕೆ ಹಾಕಿದರು. ನಾನೇ ಬರೆದ ಕಲಮಿನ ಪ್ರಕಾರ ಎಂಟು ಕೈ ಬೇಕು. ಮೊದಲು ಎದ್ದದ್ದು ಗಾಜಿನ ಬಳೆಗಳ ಕೈ. ಅದರ ಹಿಂದೆ ಐದು, ಆಮೇಲೆ ಅಧ್ಯಕ್ಷರದು. ಗುಮಾಸ್ತ ಏಳು ಎಂದು ಎಣಿಸಿ ನಿಲ್ಲಿಸಿದ. ಉಳಿದವರು ಸಿಟ್ಟಿನಲ್ಲಿ ಕೈ ಕಟ್ಟಿ ಕೂತಿದ್ದರು. ನಾನು ಕಾಗದ ಹಿಡಿದು ನಿಂತೇ ಇದ್ದೆ.

"ಅಣ್ಣಾರ," ಅಂದಳು ಬಳಿಗಾರ ಅಕ್ಕ, "ನಿಮ್ಮ ಕೈಯೊಂದ ಉಳದೈತಿ."

ಎತ್ತಿದೆ.

ಸಭೆ ಮುಗಿದು ಹೊರಗೆ ಬಂದಾಗ ಆಕೆ ಮುನಿಸಿಪಾಲ್ಟಿಯ ಕಟ್ಟೆಯ ಮೇಲೆ ಕುಳಿತು ಮಲಾರದ ಗಂಟು ಕಟ್ಟುತ್ತಿದ್ದಳು. ತಡೆಯಲಾರದೆ ಕೇಳಿದೆ, "ಅರ್ಜಿ ಬರಸಾಕ ಬಂದಾಗ ನಿಮಗ ಗೊತ್ತಿತ್ತೇನು?"

"ಗೊತ್ತಿತ್ರಿ. ನಳದವನ ಹೇಣ್ತಿ ಬಳಿ ಇಡಿಸಿಕೊಳ್ಳೂ ಮುಂದ ಅತ್ತಗೊಂತ ಹೇಳಿದ್ಲು. ಗಂಡನ ನೌಕರಿ ಹೋಗ್ತೈತಿ ಅಂತ ಅಂಜಿದ್ಲು."

"ಮತ್ತ ನನ್ನ ಕಡಿಂದನ ಯಾಕ ಬರಸಿದ್ರಿ? ಊರಾಗ ಇನ್ನಿಬ್ರು ರೈಟರ್ ಅದಾರ."

"ಅವ್ರ ಕಡಿಂದ ಬರಸಿದ್ರ ಯಾರಂತ ಕೆದಕಿ ನಿಮ್ಮ ಹೆಸರು ಬರೀತಿದ್ರಲ್ರಿ" ಅಂದು ಮಲಾರ ಹೆಗಲಿಗೇರಿಸಿಕೊಂಡು ಹೋದಳು.

ಕಟ್ಟೆ ಒಡೆಯುವ ದಿನ ಊರೇ ನೋಡಲು ಬಂತು. ತಾ ತೋಡಿದ ಕುಣ್ಯಾಗ ತಾನ ಬಿದ್ದ ಎಂದು ಹಿಂದಿನಿಂದ ಯಾರೋ ಅಂದದ್ದು ಕೇಳಿಸಿತು. ತೋಡುವುದು ಇನ್ನೂ ಬಾಕಿಯೇ ಇತ್ತು. ಎರಡೂ ನಳ ಒಟ್ಟಿಗೆ ಹರಿಯಬೇಕಾದರೆ ನಮ್ಮದು ರಸ್ತೆಗಿಂತಲೂ ಕೆಳಗಿಳಿ­ಯಬೇಕೆಂದು ಓವರ್ಸಿಯರ್ ಲೆಕ್ಕ ಹಾಕಿದ. ಬಂಡೆ ಕಡಿದು ಕುಣಿ ಮಾಡಿದೆವು. ಮೇಲಕ್ಕಿದ್ದ ಮೂರು ಮೆಟ್ಟಿಲ ಕಲ್ಲುಗಳನ್ನೇ ಕೆಳಕ್ಕೆ ಕೂಡಿಸಿದೆವು. ಮೊದಲ ದಿನವೇ ಚೆಲ್ಲಿದ ನೀರು ಕುಣಿಯಲ್ಲಿ ಮೊಣಕಾಲು ಮಟ್ಟ ನಿಂತಿತು. ಹೊರಹೋಗಲು ಇಳಿಜಾರಿನ ಕಡೆ ಗಟಾರು ಕಡಿಸಿ, ಕೊನೆಯಲ್ಲಿ ಗರಸು ತುಂಬಿದ ಇಂಗುಗುಂಡಿ ಮಾಡಿಸಿದೆ. ಹೆಂಗಸರು ತುಂಬಿದ ಕೊಡ ಎತ್ತಿಕೊಂಡು ಮೇಲೇರುವಾಗ ನಡುವೆ ಇಳಿಸಿ ದಮ್ಮು ತಿರುಗಿಸಿಕೊಳ್ಳಲು ಒಂದು ಕಲ್ಲು ನಿಲ್ಲಿಸಿ ಎಂದು ಬಳಿಗಾರ ಅಕ್ಕ ಹೇಳಿ ಕಳಿಸಿದಳು. ಒಂದು ದಿನ ಬಿಟ್ಟು, ನನಗೇ ಹೊಳೆಯಿತೆಂಬಂತೆ ನಿಲ್ಲಿಸಿದೆ.

ಈ ಸಲ ಎಲ್ಲವೂ ಸರಿಹೋಯಿತು. ಕೆಳಗೆ ನಳ ಬಿಟ್ಟಾಗಲೂ ನಮ್ಮಲ್ಲಿ ಹೆಬ್ಬೆರಳು ಗಾತ್ರದ ಧಾರೆ ಕಡಿಯಲಿಲ್ಲ. ಪಾಳಿ ಜಗಳವಾಗಬಾರದೆಂದು ನಾನು ಮುಂಜಾನೆ ಆರಕ್ಕೇ ಕುಣಿಯ ಹತ್ತಿರ ಹೋಗಿ ನಿಂತೆ. ಒಂದಿಬ್ಬರು ಮುದುಕಿಯರು ಬಂದರು, ಹೊಲಕ್ಕೆ ಹೊರಟ ಒಬ್ಬಳು ಅವಸರದಲ್ಲಿ ತುಂಬಿಕೊಂಡು ಹೋದಳು. ಉಳಿದವರು ಒಬ್ಬೊಬ್ಬರಾಗಿ ಕೊಡ ಹಿಡಿದು ಬಂದು, ನನಗೆ ತಲೆಬಾಗಿ, ಕುಣಿಯನ್ನು ಬಳಸಿ, ಕೆಳಗಿನ ಓಣಿಗೆ ಇಳಿದು ಹೋದರು. ಹತ್ತು ದಿನ ನೋಡಿದೆ. ಹತ್ತು ದಿನವೂ ಹಾಗೇ.

ಹನ್ನೊಂದನೆಯ ದಿನ ನನ್ನ ಹೆಂಡತಿಯೂ ಎರಡು ಕೊಡ ಹಿಡಿದು ಹಾಗೇ ಹೊರಟಳು. ದಾರಿಗಡ್ಡ ನಿಂತೆ.

"ಇಲ್ಲೆ ಮನಿ ಮುಂದ ನೀರು ಸುರಿಯಾಕತ್ತೈತಿ. ಅಲ್ಲಿ ಮಟಾ ಯಾಕ ಹೊಂಟಿ?"

ಅವಳು ನನ್ನನ್ನು ಏನೂ ತಿಳಿಯದವನನ್ನು ನೋಡುವಂತೆ ನೋಡಿದಳು.

"ಅಲ್ಲೆ ನೀರಿಗಂತ ಯಾರ ಹೋಗ್ತಾರ್ರಿ?" ಅಂದಳು.

ಕೊಡ ಸರಿಮಾಡಿಕೊಂಡು ಇಳಿದು ಹೋದಳು. ಕೆಳಗಿನಿಂದ ಬಳಿಗಾರ ಅಕ್ಕನ ದನಿ, ಹೆಂಗಸರು ನಗುವ ಸದ್ದು ಕೇಳಿಸುತ್ತಿತ್ತು. ನಮ್ಮ ನಳ ಚೆನ್ನಾಗಿ ಸುರಿಯುತ್ತಿತ್ತು. ಪಾಳಿಯಲ್ಲಿ ಯಾರೂ ಇರಲಿಲ್ಲ.